ಕ್ಯಾಡ್‌ನಿಂದ ಹಾಳೆಗೆ: ದೊಡ್ಡ ಡ್ರಾಯಿಂಗ್‌ಗಳನ್ನು ಸರಿಯಾದ ಸ್ಕೇಲಿನಲ್ಲಿ ಪ್ಲಾಟ್ ಮಾಡುವ ಸಮಗ್ರ ಮಾರ್ಗದರ್ಶಿ

ಮೈಸೂರಿನ ಒಂದು 30×40 ಸೈಟಿನ ಪ್ಲಾನನ್ನು 1:100ರಲ್ಲಿ ಪ್ಲಾಟ್ ಮಾಡಿಸಿದರೆ, ಅಂದರೆ ಕಾಗದದ 1 ಮಿ.ಮೀ.ಗೆ ನೆಲದ 100 ಮಿ.ಮೀ. ಲೆಕ್ಕದಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿದರೆ, 40 ಅಡಿಯ ಬದಿ ಕಾಗದದ ಮೇಲೆ 121.9 ಮಿ.ಮೀ. ಬರಬೇಕು. ಅಂಗಡಿಯಿಂದ ಬಂದ ಹಾಳೆಯಲ್ಲಿ ಅದು 119.9 ಮಿ.ಮೀ. ಇದ್ದರೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಗೆರೆ ಸ್ವಚ್ಛವಾಗಿದೆ, ಅಕ್ಷರ ಸ್ಪಷ್ಟವಾಗಿದೆ. ಆದರೆ ಆ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳತೆ ಎತ್ತಿದವರ ಲೆಕ್ಕದಲ್ಲಿ ಸೈಟು 20 ಸೆಂ.ಮೀ. ಕುಗ್ಗಿರುತ್ತದೆ. ಬರೆದ ಅಳತೆಯನ್ನೇ ನಂಬಬೇಕು, ಹಾಳೆಯನ್ನು ಅಳೆಯಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಆದರೂ ಪ್ಲಾನ್ ಪರಿಶೀಲಿಸುವವರು, ಎಸ್ಟಿಮೇಟ್ ಹಾಕುವವರು, ಸೆಂಟ್ರಿಂಗ್ ಕೆಲಸದವರು ದಿನಾ ಅಳೆಯುತ್ತಲೇ ಇರುತ್ತಾರೆ. ಹಾಗಾಗಿ ಹಾಳೆ ನಿಜ ಹೇಳಲೇಬೇಕು.

ಇಡೀ ಕೆಲಸಕ್ಕೆ ಒಂದೇ ಸೂತ್ರ: ಸ್ಕೇಲ್ ಕೊಡುವುದು ಒಂದೇ ಕಡೆ, ಅದು ಲೇಔಟಿನ ವ್ಯೂಪೋರ್ಟಿನಲ್ಲಿ. ಲೇಔಟ್ ಅಂದರೆ ತಂತ್ರಾಂಶದೊಳಗಿನ ಹಾಳೆ, ವ್ಯೂಪೋರ್ಟ್ ಅಂದರೆ ಆ ಹಾಳೆಯಲ್ಲಿ ಡ್ರಾಯಿಂಗ್ ಕಾಣುವ ಕಿಟಕಿ. ಬರೆಯುವಾಗ 1:1, ಪ್ಲಾಟ್ ಡಬ್ಬಿಯಲ್ಲಿ 1:1, ಪಿಡಿಎಫ್‌ನಲ್ಲಿ 1:1, ಅಂಗಡಿಯ ಪ್ಲಾಟರ್‌ನಲ್ಲಿ ನೂರಕ್ಕೆ ನೂರು. ಬೇರೆ ಎಲ್ಲಾದರೂ ಸ್ಕೇಲಿಗೆ ಕೈ ಹಾಕಿದರೆ ಎರಡು ಸ್ಕೇಲುಗಳು ಒಂದರ ಮೇಲೊಂದು ಗುಣಾಕಾರವಾಗಿ ಯಾವ ಸ್ಕೇಲೂ ಅಲ್ಲದ ಹಾಳೆ ಕೈಗೆ ಬರುತ್ತದೆ. ಇಲ್ಲಿನ ಹಂತಗಳು ಆಟೊಕ್ಯಾಡ್‌ಗೆ ಬರೆದವು. ಲೇಔಟ್ ಮತ್ತು ವ್ಯೂಪೋರ್ಟ್ ಇರುವ ಬೇರೆ ಕ್ಯಾಡ್ ತಂತ್ರಾಂಶಗಳಲ್ಲೂ ಲೆಕ್ಕ ಇದೇ.

ಮೊದಲು ಯುನಿಟ್ ಯಾವುದು ಅಂತ ಖಚಿತ ಮಾಡಿಕೊಳ್ಳಿ

ನಮ್ಮ ಕಡೆ ಒಂದೇ ಕಚೇರಿಯಲ್ಲಿ ಮೂರು ಬಗೆಯ ಫೈಲುಗಳು ಓಡಾಡುತ್ತವೆ. ಮನೆ ಪ್ಲಾನುಗಳು ಅಡಿ-ಇಂಚಿನಲ್ಲಿ, ಸ್ಟ್ರಕ್ಚರಲ್ ಡ್ರಾಯಿಂಗ್‌ಗಳು ಮಿಲಿಮೀಟರಿನಲ್ಲಿ, ಸರ್ವೆ ಮತ್ತು ಕಾಲುವೆ ಡ್ರಾಯಿಂಗ್‌ಗಳು ಮೀಟರಿನಲ್ಲಿ. ಫೈಲಿನ ಹೆಸರು ನೋಡಿದರೆ ಇದು ತಿಳಿಯುವುದಿಲ್ಲ. ಯುನಿಟ್ಸ್ ಡಬ್ಬಿಯಲ್ಲಿ ಬರೆದಿರುವುದನ್ನೂ ನಂಬಬೇಡಿ. ಅಲ್ಲಿನ ಇನ್‌ಸರ್ಷನ್ ಸ್ಕೇಲ್ ಎಂಬುದು ಬ್ಲಾಕ್ (ಒಂದಾಗಿ ಗುಂಪು ಮಾಡಿದ ಚಿತ್ರ) ಅಥವಾ ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಡ್ರಾಯಿಂಗ್ ಫೈಲ್) ತಂದು ಕೂರಿಸುವಾಗ ಬಳಕೆಯಾಗುತ್ತದೆ, ಈಗಾಗಲೇ ಬರೆದಿರುವ ಗೆರೆಯ ಗಾತ್ರವನ್ನು ಬದಲಿಸುವುದಿಲ್ಲ.

ಪರೀಕ್ಷೆ ಸುಲಭ. ಅಳತೆ ಗೊತ್ತಿರುವ ಒಂದು ವಸ್ತು ಹಿಡಿಯಿರಿ: ಸೈಟಿನ 40 ಅಡಿ ಬದಿ ಅಥವಾ 9 ಇಂಚು ಗೋಡೆ. ಡಿಸ್ಟ್ ಕಮಾಂಡ್ ಕೊಟ್ಟು ಎರಡು ತುದಿ ಒತ್ತಿ. ಯುನಿಟ್ಸ್‌ನಲ್ಲಿ ಟೈಪ್ ಅನ್ನು ಡೆಸಿಮಲ್‌ಗೆ ಇಟ್ಟುಕೊಂಡರೆ ಉತ್ತರ ನೇರವಾಗಿ ಕಾಣುತ್ತದೆ. 40 ಅಡಿಗೆ 480 ಬಂದರೆ ಇಂಚು, 40 ಬಂದರೆ ಅಡಿ, 12192 ಬಂದರೆ ಮಿ.ಮೀ., 12.192 ಬಂದರೆ ಮೀಟರ್. ಇವು ಯಾವುದೂ ಬರಲಿಲ್ಲ ಅಂದರೆ ಯಾರೋ ಆ ಡ್ರಾಯಿಂಗನ್ನು ಮೊದಲೇ ಕುಗ್ಗಿಸಿದ್ದಾರೆ ಅಥವಾ ಹಿಗ್ಗಿಸಿದ್ದಾರೆ. ಮುಂದಕ್ಕೆ ಹೋಗುವ ಮುಂಚೆ ಅದನ್ನು ಸರಿಪಡಿಸಿ. ಸ್ಕೇಲ್ ಕಮಾಂಡಿನ ರೆಫರೆನ್ಸ್ ಆಯ್ಕೆಯಲ್ಲಿ ಈಗಿನ ಉದ್ದ ತೋರಿಸಿ, ನಿಜವಾದ ಉದ್ದ ಕೊಟ್ಟರೆ ಆಯಿತು.

ಇಂಚಿನ ಫೈಲನ್ನು ಮಿ.ಮೀ.ಗೆ ತಿರುಗಿಸಬೇಕಾದರೆ 0,0 ಬಿಂದುವಿನಿಂದ 25.4 ಪಟ್ಟು, ಅಡಿಯ ಫೈಲಾದರೆ 304.8 ಪಟ್ಟು. ಆದರೆ ಡೈಮೆನ್ಷನ್ (ಬರೆದ ಅಳತೆ), ಹ್ಯಾಚ್ (ಗೆರೆ ತುಂಬಿದ ಭಾಗ), ಎಕ್ಸ್‌ರೆಫ್ ಎಲ್ಲ ಕೂತು ಮುಗಿದ ಡ್ರಾಯಿಂಗನ್ನು ಬರೀ ಪ್ಲಾಟ್ ಮಾಡುವುದಕ್ಕಾಗಿ ತಿರುಗಿಸಬೇಡಿ. ಹ್ಯಾಚ್ ಹಾಳಾಗುತ್ತದೆ, ಡೈಮೆನ್ಷನ್ ಅಂಕಿಗಳು ಬದಲಾಗುತ್ತವೆ. ಆ ವ್ಯತ್ಯಾಸವನ್ನು ವ್ಯೂಪೋರ್ಟ್ ಸ್ಕೇಲಿನಲ್ಲೇ ಸರಿದೂಗಿಸಬಹುದು.

ಸರ್ವೆ ಡ್ರಾಯಿಂಗ್‌ಗಳಲ್ಲಿ ಇನ್ನೊಂದು ತೊಡಕಿದೆ. ಮೈಸೂರು, ಮಂಡ್ಯ ಎರಡೂ ಯುಟಿಎಂ ಎಂಬ ನಿರ್ದೇಶಾಂಕ ಪದ್ಧತಿಯ 43ನೇ ಉತ್ತರ ವಲಯದಲ್ಲಿವೆ, ಇಲ್ಲಿ ನಾರ್ತಿಂಗ್ (ಸಮಭಾಜಕದಿಂದ ಉತ್ತರಕ್ಕಿರುವ ದೂರ) 13 ಲಕ್ಷ ಮೀಟರಿಗೂ ಮೇಲೆ ಇರುತ್ತದೆ. ಅಷ್ಟು ದೂರದ ನಕ್ಷೆಯ ಜೊತೆಗೆ 0,0 ಹತ್ತಿರ ಯಾರೋ ಮರೆತುಬಿಟ್ಟ ಒಂದು ಸಣ್ಣ ಗೆರೆ ಇದ್ದರೂ ಝೂಮ್ ಎಕ್ಸ್‌ಟೆಂಟ್ಸ್ (ಬರೆದದ್ದೆಲ್ಲವನ್ನೂ ಪರದೆಗೆ ಹಿಡಿಸುವ ಕಮಾಂಡ್) ಕೊಟ್ಟಾಗ ಪರದೆ ಖಾಲಿ ಕಾಣುತ್ತದೆ. ಆ ಗೆರೆಯನ್ನು ಹುಡುಕಿ ಅಳಿಸಿ. ನಕ್ಷೆಯನ್ನೇ 0,0ಗೆ ಎಳೆದು ತಂದರೆ ನಿರ್ದೇಶಾಂಕಗಳು ಹೋದಂತೆಯೇ ಲೆಕ್ಕ. ಮುಂದೆ ಅದನ್ನು ಇನ್ನೊಂದು ಸರ್ವೆಯ ಮೇಲೆ ಕೂರಿಸಲು ಆಗುವುದಿಲ್ಲ.

ಹಾಳೆ ಮತ್ತು ಸ್ಕೇಲ್ ಆರಿಸುವ ಲೆಕ್ಕ

ಎ0 ಹಾಳೆ 841×1189 ಮಿ.ಮೀ., ಎ1 594×841, ಎ2 420×594, ಎ3 297×420. ಎಡಕ್ಕೆ ಫೈಲಿಂಗ್‌ಗೆಂದು 20 ಮಿ.ಮೀ., ಉಳಿದ ಮೂರು ಬದಿಗೆ 10 ಮಿ.ಮೀ. ಬಿಟ್ಟರೆ ಎ1ರಲ್ಲಿ ಉಳಿಯುವುದು 811×574, ಎ0ಯಲ್ಲಿ 1159×821. ಡ್ರಾಯಿಂಗಿನ ವಿವರ ಬರೆಯುವ ಟೈಟಲ್ ಬ್ಲಾಕಿಗೆ ಕೆಳಗಿನ ಬಲಮೂಲೆಯಲ್ಲಿ 180 ಮಿ.ಮೀ. ಅಗಲ ಕೊಡುವುದು ವಾಡಿಕೆ.

ನೆಲದ ಮೇಲಿನ ಉದ್ದವನ್ನು ಮಿ.ಮೀ.ಗೆ ತಂದು, ಹಾಳೆಯಲ್ಲಿ ಸಿಗುವ ಉದ್ದದಿಂದ ಭಾಗಿಸಿ, ಬಂದ ಸಂಖ್ಯೆಗಿಂತ ದೊಡ್ಡದಾದ ಮುಂದಿನ ಮಾನ್ಯ ಸ್ಕೇಲ್ ತೆಗೆದುಕೊಳ್ಳಿ: 50, 100, 200, 500, 1000, 2000, 2500, 5000, ಹೀಗೆ. ಕೃಷ್ಣರಾಜಸಾಗರದ ಅಣೆಕಟ್ಟನ್ನೇ ತೆಗೆದುಕೊಳ್ಳೋಣ. ಅದರ ಉದ್ದ 8,600 ಅಡಿ, ಅಂದರೆ ಸುಮಾರು 2,621 ಮೀಟರ್. ಎ0 ಹಾಳೆಗೆ 26,21,000 ಭಾಗಿಸು 1159, ಉತ್ತರ 2261. ಹಾಗಾಗಿ 1:2000ರಲ್ಲಿ ಕೂರುವುದಿಲ್ಲ, 1310 ಮಿ.ಮೀ. ಆಗುತ್ತದೆ. 1:2500ರಲ್ಲಿ 1048 ಮಿ.ಮೀ., ಆರಾಮಾಗಿ ಕೂರುತ್ತದೆ. 1:2000 ಬೇಕೇ ಬೇಕು ಅಂದರೆ ಎರಡು ದಾರಿ: 914 ಮಿ.ಮೀ. ರೋಲಿನಲ್ಲಿ ಒಂದೂವರೆ ಮೀಟರ್ ಉದ್ದದ ಕಸ್ಟಮ್ ಹಾಳೆ, ಇಲ್ಲವೇ ಮ್ಯಾಚ್ ಲೈನ್ (ಹಾಳೆಗಳನ್ನು ಒಂದಕ್ಕೊಂದು ಕೂಡಿಸುವ ಗೆರೆ) ಹಾಕಿ ಎರಡು ಹಾಳೆ. 1:500ಕ್ಕೆ ಹೋದರೆ 5.24 ಮೀಟರ್ ಆಗುತ್ತದೆ. ಅಷ್ಟುದ್ದದ ಒಂದೇ ಪುಟವನ್ನು ಸಾಮಾನ್ಯ ಪಿಡಿಎಫ್ ಹೊರುವುದಿಲ್ಲ, ಅದರ ಮಿತಿ 200 ಇಂಚು, ಅಂದರೆ 5.08 ಮೀಟರ್. ಅಲ್ಲಿ ಹಾಳೆ ತುಂಡು ಮಾಡಲೇಬೇಕು. ತುಂಡು ಮಾಡುವಾಗ ಎರಡು ಹಾಳೆಗಳಲ್ಲೂ 20 ಮೀಟರಿನಷ್ಟು ಭಾಗ ಮರುಕಳಿಸಲಿ, ಮ್ಯಾಚ್ ಲೈನಿನ ಮೇಲೆ ಚೈನೇಜ್ (ಆರಂಭದ ಬಿಂದುವಿನಿಂದ ಇರುವ ದೂರ) ಬರೆಯಿರಿ.

ಹಳೆ ಗ್ರಾಮನಕ್ಷೆಗಳ ಸ್ಕೇಲ್ ಬೇರೆ. 1:7920 ಅಂದರೆ ಒಂದು ಇಂಚಿಗೆ 660 ಅಡಿ. ನಮ್ಮ ಸರ್ವೆಯ 33 ಅಡಿ ಸರಪಳಿಯಲ್ಲಿ ಹೇಳಿದರೆ ಒಂದು ಇಂಚಿಗೆ 20 ಸರಪಳಿ. ಅದನ್ನು 1:8000 ಅಂತ ದುಂಡು ಮಾಡಿಬಿಟ್ಟರೆ ಶೇಕಡ 1 ತಪ್ಪು. ಒಂದು ಮೈಲಿ ಉದ್ದದ ಗಡಿಯಲ್ಲಿ 16 ಮೀಟರ್ ಹೋಯಿತು. ಗ್ರಾಮನಕ್ಷೆಯ ಮೇಲೆ ಹಾಕಿ ನೋಡಲು ಟ್ರೇಸಿಂಗ್ ಬೇಕಿದ್ದರೆ 1:7920ರಲ್ಲೇ ಪ್ಲಾಟ್ ಮಾಡಿ. ನಕ್ಷೆಯನ್ನು ಸ್ಕ್ಯಾನ್ ಮಾಡಿ ಕ್ಯಾಡ್‌ಗೆ ತಂದಿದ್ದರೆ ಎರಡು ಬಾಂದು ಕಲ್ಲುಗಳ ನಡುವಿನ ನಿಜ ದೂರ ಹಿಡಿದು ಅಲೈನ್ ಮಾಡಿ, ಮೂರನೇ ಕಲ್ಲಿನಲ್ಲಿ ತಾಳೆ ನೋಡಿ. ಹಳೆ ಕಾಗದ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹಿಗ್ಗಿರುತ್ತದೆ. ಎರಡೇ ಕಲ್ಲು ನೋಡಿದರೆ ಅದು ಸಿಕ್ಕಿಬೀಳುವುದಿಲ್ಲ.

ಲೇಔಟ್ ಕಟ್ಟುವುದು

ಲೇಔಟ್ ಟ್ಯಾಬ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಪೇಜ್ ಸೆಟಪ್ ಮ್ಯಾನೇಜರ್ ತೆರೆಯಿರಿ, ಮಾಡಿಫೈ ಒತ್ತಿ. ಅಲ್ಲಿ ತುಂಬಬೇಕಾದ್ದು ಇಷ್ಟು:

1. ಪ್ಲಾಟರ್: ಡಿಡಬ್ಲ್ಯುಜಿ ಟು ಪಿಡಿಎಫ್. ನೇರವಾಗಿ ಪ್ಲಾಟರ್‌ಗೆ ಕಳುಹಿಸುವ ವ್ಯವಸ್ಥೆ ಇದ್ದರೂ ಮೊದಲು ಪಿಡಿಎಫ್ ಮಾಡಿ ನೋಡುವುದೇ ಒಳ್ಳೆಯದು.
2. ಪೇಪರ್: ಐಎಸ್‌ಒ ಫುಲ್ ಬ್ಲೀಡ್ ಎ1, 841×594. ಪಟ್ಟಿಯಲ್ಲಿ ಬರೀ ಐಎಸ್‌ಒ ಎ1 ಕೂಡ ಇರುತ್ತದೆ. ಅದರಲ್ಲಿ ಅಂಚಿನ ಸುತ್ತ ಮುದ್ರಣವಾಗದ ಜಾಗ ಹೆಚ್ಚು, ನಿಮ್ಮ ಬಾರ್ಡರ್ ಕತ್ತರಿಸಿ ಹೋಗಬಹುದು.
3. ವಾಟ್ ಟು ಪ್ಲಾಟ್: ಲೇಔಟ್. ವಿಂಡೋ, ಎಕ್ಸ್‌ಟೆಂಟ್ಸ್ ಬೇಡ.
4. ಸ್ಕೇಲ್: 1:1, 1 ಮಿ.ಮೀ.ಗೆ 1 ಯುನಿಟ್. ಪಕ್ಕದ ಪಟ್ಟಿಯಲ್ಲಿ ಇಂಚಸ್ ಇದ್ದರೆ ಬದಲಿಸಿ.
5. ಪ್ಲಾಟ್ ಸ್ಟೈಲ್: ಮಾನೋಕ್ರೋಮ್ ಸಿಟಿಬಿ (ಯಾವ ಬಣ್ಣದ ಗೆರೆ ಹೇಗೆ ಮುದ್ರಣವಾಗಬೇಕು ಎಂದು ಹೇಳುವ ಕಡತ) ಅಥವಾ ನಿಮ್ಮ ಕಚೇರಿಯದ್ದು. ಪ್ಲಾಟ್ ಆಬ್ಜೆಕ್ಟ್ ಲೈನ್‌ವೆಯ್ಟ್ಸ್, ಪ್ಲಾಟ್ ವಿತ್ ಪ್ಲಾಟ್ ಸ್ಟೈಲ್ಸ್ ಎರಡಕ್ಕೂ ಗುರುತು ಹಾಕಿ.
6. ಡ್ರಾಯಿಂಗ್ ಓರಿಯೆಂಟೇಷನ್: ಲ್ಯಾಂಡ್‌ಸ್ಕೇಪ್.

ಬಾರ್ಡರನ್ನು ಪೇಪರ್ ಸ್ಪೇಸಿನಲ್ಲಿ, ಅಂದರೆ ಲೇಔಟ್ ಹಾಳೆಯ ಮೇಲೆ, ನಿಜವಾದ ಮಿ.ಮೀ.ನಲ್ಲೇ ಬರೆಯಿರಿ. ಅದನ್ನು ಮಾಡೆಲ್ ಸ್ಪೇಸಿನಲ್ಲಿ (ಡ್ರಾಯಿಂಗನ್ನು 1:1ರಲ್ಲಿ ಬರೆಯುವ ಜಾಗ) ನೂರು ಪಟ್ಟು ದೊಡ್ಡದು ಮಾಡಿ ಪ್ಲಾನಿನ ಸುತ್ತ ಕೂರಿಸುವ ಹಳೇ ಅಭ್ಯಾಸ ಇನ್ನೂ ಇದೆ. ಒಂದೇ ಹಾಳೆಯಲ್ಲಿ ಪ್ಲಾನ್ 1:100, ಸೈಟ್ ಪ್ಲಾನ್ 1:200, ಮೆಟ್ಟಿಲಿನ ಡೀಟೇಲ್ 1:20 ಬೇಕಾದಾಗ ಆ ಪದ್ಧತಿಯಲ್ಲಿ ಡೀಟೇಲನ್ನು ಐದು ಪಟ್ಟು ಹಿಗ್ಗಿಸಿ ಬರೆಯಬೇಕಾಗುತ್ತದೆ. ಅಲ್ಲಿಂದಾಚೆ ಆ ಡೀಟೇಲಿನ ಡೈಮೆನ್ಷನ್ ಅಂಕಿ ಸುಳ್ಳು ಹೇಳುತ್ತದೆ.

ಬಾರ್ಡರಿನ ಒಳಗೆ, ಟೈಟಲ್ ಬ್ಲಾಕಿನ ಹತ್ತಿರ, ಪೇಪರ್ ಸ್ಪೇಸಿನಲ್ಲೇ 100 ಮಿ.ಮೀ.ನ ಒಂದು ಅಡ್ಡ ಗೆರೆ ಮತ್ತು 100 ಮಿ.ಮೀ.ನ ಒಂದು ಉದ್ದ ಗೆರೆ ಎಳೆಯಿರಿ, ಎರಡರ ತುದಿಗಳಿಗೂ ಸಣ್ಣ ಗುರುತು ಹಾಕಿ, ಪಕ್ಕದಲ್ಲಿ '100 ಮಿ.ಮೀ. ತಾಳೆ ಗೆರೆ' ಅಂತ ಬರೆಯಿರಿ. ಇದನ್ನು ಟೆಂಪ್ಲೇಟಿನಲ್ಲೇ ಸೇರಿಸಿಬಿಡಿ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಜೊತೆಗೆ ಪ್ರತಿ ಡ್ರಾಯಿಂಗಿನ ಕೆಳಗೆ ಮೀಟರ್ ಗುರುತಿನ ಸ್ಕೇಲ್ ಪಟ್ಟಿಯೂ ಇರಲಿ. ಹಾಳೆಯನ್ನು ಯಾರಾದರೂ ಕುಗ್ಗಿಸಿ ಜೆರಾಕ್ಸ್ ಮಾಡಿಸಿದರೆ '1:100' ಎಂಬ ಬರಹ ಸುಳ್ಳಾಗುತ್ತದೆ, ಪಟ್ಟಿ ಮಾತ್ರ ಹಾಳೆಯ ಜೊತೆಗೇ ಕುಗ್ಗುವುದರಿಂದ ನಿಜವಾಗಿಯೇ ಉಳಿಯುತ್ತದೆ.

ವ್ಯೂಪೋರ್ಟ್: ಸ್ಕೇಲ್ ಹುಟ್ಟುವ ಜಾಗ

ವ್ಯೂಪೋರ್ಟ್ ಚೌಕಟ್ಟಿಗೆ ಒಂದು ಪ್ರತ್ಯೇಕ ಲೇಯರ್ ಮಾಡಿ, ಅದರ ಪ್ಲಾಟ್ ಗುರುತು ತೆಗೆದುಬಿಡಿ. ಎಂವ್ಯೂ ಕಮಾಂಡಿನಿಂದ ಚೌಕ ಎಳೆಯಿರಿ, ಒಳಗೆ ಎರಡು ಸಲ ಒತ್ತಿ, ಝೂಮ್ ಕೊಟ್ಟು ಸ್ಕೇಲನ್ನು ಎಕ್ಸ್‌ಪಿ (XP) ಅಕ್ಷರ ಸೇರಿಸಿ ಟೈಪ್ ಮಾಡಿ. ಕಾಗದ ಮಿ.ಮೀ.ನಲ್ಲಿದೆ ಅಂದುಕೊಂಡು ಲೆಕ್ಕ ಹೀಗೆ:

- ಮಾಡೆಲ್ ಮಿ.ಮೀ.ನಲ್ಲಿದ್ದರೆ 1 ಭಾಗಿಸು ಸ್ಕೇಲ್. 1:100ಕ್ಕೆ 1/100ಎಕ್ಸ್‌ಪಿ.
- ಮೀಟರಿನಲ್ಲಿದ್ದರೆ 1000 ಭಾಗಿಸು ಸ್ಕೇಲ್. 1:100ಕ್ಕೆ 10ಎಕ್ಸ್‌ಪಿ, 1:7920ಕ್ಕೆ 1000/7920ಎಕ್ಸ್‌ಪಿ.
- ಇಂಚಿನಲ್ಲಿದ್ದರೆ 25.4 ಭಾಗಿಸು ಸ್ಕೇಲ್. 1:100ಕ್ಕೆ 0.254ಎಕ್ಸ್‌ಪಿ.
- ಅಡಿಯಲ್ಲಿದ್ದರೆ 304.8 ಭಾಗಿಸು ಸ್ಕೇಲ್. 1:100ಕ್ಕೆ 3.048ಎಕ್ಸ್‌ಪಿ.

ಇಂಚಿನ ಫೈಲಿನಲ್ಲಿ ಎಡವುವುದು ಇಲ್ಲೇ. ಪಟ್ಟಿಯಿಂದ 1:100 ಅಂತ ಆರಿಸಿದರೆ ತಂತ್ರಾಂಶ 1 ಮಿ.ಮೀ.ಗೆ 100 ಇಂಚು ಅಂದುಕೊಳ್ಳುತ್ತದೆ. 30 ಅಡಿಯ ಸೈಟು 3.6 ಮಿ.ಮೀ. ಆಗಿ ಹಾಳೆಯ ನಡುವೆ ಒಂದು ಚುಕ್ಕೆಯಂತೆ ಕೂರುತ್ತದೆ. ಅದನ್ನು ಕಂಡು ಗಾಬರಿಯಾಗಿ ಮೌಸಿನ ಚಕ್ರ ತಿರುಗಿಸಿ 'ಕಣ್ಣಳತೆಗೆ' ದೊಡ್ಡದು ಮಾಡುವವರಿದ್ದಾರೆ. ಆ ಕ್ಷಣಕ್ಕೆ ಸ್ಕೇಲ್ ಹೋಯಿತು. ಸರಿಯಾದ ಉಪಾಯ, ಸ್ಕೇಲ್ ಲಿಸ್ಟ್ ಎಡಿಟ್‌ನಲ್ಲಿ '1:100 ಇಂಚು ಫೈಲ್' ಎಂಬ ಹೆಸರಿನಲ್ಲಿ ಹೊಸ ಸ್ಕೇಲ್ ಸೇರಿಸಿ, ಪೇಪರ್ ಯುನಿಟ್ 25.4, ಡ್ರಾಯಿಂಗ್ ಯುನಿಟ್ 100 ಕೊಡುವುದು.

ಅಡಿ-ಇಂಚಿನವರಿಗೆ ಇನ್ನೊಂದು ಎಚ್ಚರಿಕೆ. ಒಂದು ಅಡಿಗೆ ಎಂಟನೇ ಒಂದು ಇಂಚು ಎಂಬ ಸ್ಕೇಲ್ 1:100 ಅಲ್ಲ, 1:96. 40 ಅಡಿ ಅದರಲ್ಲಿ 127 ಮಿ.ಮೀ. ಬರುತ್ತದೆ, 1:100ರಲ್ಲಿ 121.9. ಶೇಕಡ 4ರಷ್ಟು ವ್ಯತ್ಯಾಸ. ಟೈಟಲ್ ಬ್ಲಾಕಿನಲ್ಲಿ 1:100 ಅಂತ ಬರೆದು ಒಳಗೆ 1:96 ಕೊಟ್ಟ ಹಾಳೆಗಳು ಬೇಕಾದಷ್ಟು ಓಡಾಡುತ್ತಿವೆ.

ಸ್ಕೇಲ್ ಕೊಟ್ಟ ಕೂಡಲೇ ವ್ಯೂಪೋರ್ಟ್ ಲಾಕ್ ಮಾಡಿ. ಚೌಕಟ್ಟು ಆರಿಸಿ ಪ್ರಾಪರ್ಟೀಸ್‌ನಲ್ಲಿ ಡಿಸ್‌ಪ್ಲೇ ಲಾಕ್ಡ್ ಅನ್ನು ಯೆಸ್ ಮಾಡಿದರೆ ಸಾಕು. ಲಾಕ್ ಮಾಡದಿದ್ದರೆ ಮುಂದೆ ಯಾವಾಗಲೋ ಒಳಗೆ ಹೋಗಿ ಝೂಮ್ ಮಾಡಿದಾಗ ಸ್ಕೇಲ್ 1:100ರಿಂದ 1:98.37ಕ್ಕೆ ಜಾರಿ, ಯಾರ ಕಣ್ಣಿಗೂ ಬೀಳದೆ ಹಾಳೆಗೆ ಇಳಿಯುತ್ತದೆ.

ಕಾಲುವೆ, ರಸ್ತೆಗಳ ಲಾಂಗಿಟ್ಯೂಡಿನಲ್ ಸೆಕ್ಷನ್‌ಗೆ (ಉದ್ದಕ್ಕೂ ಸೀಳಿ ಏರಿಳಿತ ತೋರಿಸುವ ಚಿತ್ರ) ಎರಡು ಸ್ಕೇಲ್ ಬೇಕು, ಅಡ್ಡಕ್ಕೆ ಒಂದು, ಎತ್ತರಕ್ಕೆ ಒಂದು. ವ್ಯೂಪೋರ್ಟ್‌ಗೆ ಎರಡು ಸ್ಕೇಲ್ ಕೊಡಲು ಬರುವುದಿಲ್ಲ. ಆದ್ದರಿಂದ ಎತ್ತರವನ್ನು ಮಾಡೆಲಿನಲ್ಲೇ ಹಿಗ್ಗಿಸಿ ಬರೆಯಬೇಕು. ವಿಶ್ವೇಶ್ವರಯ್ಯ ನಾಲೆಯ ಮೂರೂವರೆ ಕಿ.ಮೀ. ಭಾಗವನ್ನು ಅಡ್ಡಕ್ಕೆ 1:5000, ಎತ್ತರಕ್ಕೆ 1:100ರಲ್ಲಿ ತೋರಿಸಬೇಕು ಅಂದುಕೊಳ್ಳಿ. 5000 ಭಾಗಿಸು 100, ಅಂದರೆ 50. ಪ್ರತಿ ಬಿಂದುವಿನ ಲೆವೆಲ್ಲಿನಿಂದ ಡೇಟಮ್ (ಆಧಾರವಾಗಿ ಹಿಡಿದ ಲೆವೆಲ್) ಕಳೆದು, 50ರಿಂದ ಗುಣಿಸಿ ವೈ ಅಕ್ಷದಲ್ಲಿ ಹಾಕಿ. ಎಕ್ಸ್ ಅಕ್ಷದಲ್ಲಿ ಚೈನೇಜ್ ಇದ್ದ ಹಾಗೇ ಇರಲಿ. ವ್ಯೂಪೋರ್ಟ್ ಸ್ಕೇಲ್ 1:5000, ಮೀಟರ್ ಮಾಡೆಲಿಗೆ 0.2ಎಕ್ಸ್‌ಪಿ. ಹಾಳೆಯ ಮೇಲೆ ಉದ್ದ 700 ಮಿ.ಮೀ., ಎಡಕ್ಕೆ ಚೈನೇಜ್, ಬೆಡ್ ಲೆವೆಲ್, ಗ್ರೌಂಡ್ ಲೆವೆಲ್ ಎಂಬ ತಲೆಬರಹದ ಕಾಲಂಗೆ 60 ಮಿ.ಮೀ. ಸೇರಿದರೂ ಎ1ರ 811ರೊಳಗೆ ಹಿಡಿಸುತ್ತದೆ. ನಾಲ್ಕು ಕಿ.ಮೀ. ತುರುಕಲು ಹೋದರೆ ತಲೆಬರಹಕ್ಕೆ ಜಾಗ ಉಳಿಯುವುದಿಲ್ಲ. ಇಂಥ ಸೆಕ್ಷನ್ನಿನಲ್ಲಿ ಎತ್ತರಕ್ಕೆ ಡೈಮೆನ್ಷನ್ ಹಾಕಿದರೆ ಅಂಕಿ 50 ಪಟ್ಟು ಬರುತ್ತದೆ. ಲೆವೆಲ್ಲುಗಳನ್ನು ಅಕ್ಷರವಾಗಿಯೇ ಬರೆಯಿರಿ, ಹಾಕಲೇಬೇಕಾದರೆ ಆ ಡೈಮೆನ್ಷನ್ ಸ್ಟೈಲಿನ ಲೀನಿಯರ್ ಸ್ಕೇಲ್ ಫ್ಯಾಕ್ಟರ್ 0.02 ಇಡಿ. ಎರಡೂ ಸ್ಕೇಲುಗಳನ್ನು ಹಾಳೆಯ ಮೇಲೆ ಬೇರೆ ಬೇರೆಯಾಗಿ ನಮೂದಿಸಿ.

ಅಕ್ಷರ, ಚುಕ್ಕೆಗೆರೆ, ಗೆರೆಯ ದಪ್ಪ

ಅಕ್ಷರದ ಎತ್ತರವನ್ನು ಕಾಗದದ ಲೆಕ್ಕದಲ್ಲಿ ಯೋಚಿಸಿ: ಸಾಮಾನ್ಯ ಬರಹ 2.5 ಮಿ.ಮೀ., ಕೋಣೆಗಳ ಹೆಸರು 3.5, ಡ್ರಾಯಿಂಗಿನ ಶೀರ್ಷಿಕೆ 5. ಮಿ.ಮೀ. ಮಾಡೆಲಿನಲ್ಲಿ 1:100ಕ್ಕೆ 2.5 ಅಂದರೆ 250 ಯುನಿಟ್. ಆನೊಟೇಟಿವ್ ಮಾಡಿದರೆ ಈ ಲೆಕ್ಕವನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಆದರೆ ವ್ಯೂಪೋರ್ಟಿನ ಆನೊಟೇಷನ್ ಸ್ಕೇಲ್ ಮತ್ತು ಅಕ್ಷರಕ್ಕೆ ಸೇರಿಸಿದ ಸ್ಕೇಲ್ ಒಂದೇ ಆಗಿರದಿದ್ದರೆ ಅಕ್ಷರ ಕಾಣೆಯಾಗುತ್ತದೆ. ಪರದೆಯಲ್ಲಿದ್ದ ಬರಹ ಹಾಳೆಯಲ್ಲಿ ಇಲ್ಲ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ, ಆಮೇಲೆ ಆ ಬರಹ ಡೆಫ್‌ಪಾಯಿಂಟ್ಸ್ ಲೇಯರಿನಲ್ಲಿ ಇದೆಯಾ ಅಂತ. ಆ ಲೇಯರ್ ಯಾವತ್ತೂ ಪ್ಲಾಟ್ ಆಗುವುದಿಲ್ಲ.

ಕನ್ನಡದ ಬರಹಕ್ಕೆ ಹೆಚ್ಚು ಜಾಗ ಕೊಡಿ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ 2.5 ಮಿ.ಮೀ.ನಲ್ಲಿ ಒತ್ತುಗಳು ಮಸುಕಾಗಿ ಅಂಟಿಕೊಳ್ಳುತ್ತವೆ. 3.5 ಇಟ್ಟು ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಊರು, ಹೋಬಳಿ, ಸರ್ವೆ ನಂಬರಿನ ವಿವರಗಳನ್ನು ಹಳೆ ನುಡಿ ಫಾಂಟಿನಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಅಂಗಡಿಗೆ ಕ್ಯಾಡ್ ಫೈಲ್ ಬದಲು ಪಿಡಿಎಫ್ ಕೊಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ, ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ.

ಚುಕ್ಕೆಗೆರೆಗಳಿಗೆ ಪಿಎಸ್‌ಎಲ್‌ಟಿಸ್ಕೇಲ್ 1, ಎಂಎಸ್‌ಎಲ್‌ಟಿಸ್ಕೇಲ್ 1, ಎಲ್‌ಟಿಸ್ಕೇಲ್ 0.5 ಇಟ್ಟು ರೀಜನ್‌ಆಲ್ ಕೊಡಿ. ಇಷ್ಟಾದರೂ ಬೀಮಿನ ಚುಕ್ಕೆಗೆರೆ ಹಾಳೆಯ ಮೇಲೆ ಅಖಂಡ ಗೆರೆಯಾಗಿ ಬಂದರೆ ಲೈನ್‌ಟೈಪ್ ಇಂಚಿನ ಕಡತದಿಂದ ಲೋಡ್ ಆಗಿದೆ ಎಂದರ್ಥ. ಅದರಲ್ಲಿ ಹಿಡನ್ ಗೆರೆಯ ತುಂಡು 0.25 ಯುನಿಟ್, ಮಿ.ಮೀ. ಕಡತದಲ್ಲಿ 6.35. ಕಾಲು ಮಿಲಿಮೀಟರಿಗೂ ಚಿಕ್ಕದಾದ ತುಂಡುಗಳು ಶಾಯಿಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೆಷರ್‌ಮೆಂಟ್ ವೇರಿಯಬಲ್ 1 ಮಾಡಿ, ಅಕ್ಯಾಡ್‌ಐಸೊ ಕಡತದಿಂದ ಅದೇ ಲೈನ್‌ಟೈಪ್ ಮತ್ತೆ ಲೋಡ್ ಮಾಡಿ.

ದಪ್ಪದ ವಿಷಯದಲ್ಲಿ ಹೆಚ್ಚು ಬಗೆ ಬೇಡ. ಕತ್ತರಿಸಿದ ಗೋಡೆ, ಕಾಲಂಗೆ 0.5 ಮಿ.ಮೀ., ಕಾಣುವ ಅಂಚುಗಳಿಗೆ 0.25, ಡೈಮೆನ್ಷನ್‌ಗೆ 0.18, ಹ್ಯಾಚ್‌ಗೆ 0.13, ಬಾರ್ಡರಿಗೆ 0.7. ಪರದೆಯಲ್ಲಿ ಕಾಣುವ ದಪ್ಪವನ್ನು ನೋಡಿ ತೀರ್ಮಾನಿಸಬೇಡಿ, ಅದು ಕಾಗದದ ದಪ್ಪವಲ್ಲ. ಮಾನೋಕ್ರೋಮ್ ಕೊಟ್ಟರೂ ಒಂದೆರಡು ಗೆರೆ ಬಣ್ಣದಲ್ಲೇ ಬಂದರೆ ಅವುಗಳಿಗೆ ಟ್ರೂ ಕಲರ್ ಕೊಟ್ಟಿದೆ. ಸಿಟಿಬಿ 255 ಸೂಚ್ಯಂಕ ಬಣ್ಣಗಳನ್ನು ಮಾತ್ರ ಹಿಡಿಯುತ್ತದೆ. ಬಣ್ಣವನ್ನು ಬೈಲೇಯರ್ ಮಾಡಿ, ಲೇಯರಿಗೆ ಸೂಚ್ಯಂಕ ಬಣ್ಣ ಕೊಡಿ.

ಪಿಡಿಎಫ್

ಪ್ಲಾಟ್ ಕೊಟ್ಟು ಪ್ರಿವ್ಯೂ ನೋಡಿ, ಪಿಡಿಎಫ್ ಮಾಡಿ. ಹಲವು ಹಾಳೆಗಳಿದ್ದರೆ ಪಬ್ಲಿಷ್ ಬಳಸಿ, ಎಲ್ಲಕ್ಕೂ ಒಂದೇ ಪೇಜ್ ಸೆಟಪ್ ಹೆಸರು ಕೊಡಿ. ಆಮೇಲೆ ಪಿಡಿಎಫ್ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಪುಟದ ಗಾತ್ರ ಓದಿ. 841×594 ಮಿ.ಮೀ. ಇರಬೇಕು. ಬೇರೆ ಏನೇ ಇದ್ದರೂ ಅಂಗಡಿಗೆ ಹೋಗುವ ಅಗತ್ಯವಿಲ್ಲ, ತಪ್ಪು ನಿಮ್ಮ ಹತ್ತಿರವೇ ಇದೆ. ಅಕ್ಷರಗಳ ಸುತ್ತ ಹಳದಿ ಕಾಮೆಂಟ್ ಚೌಕಗಳು ಕಂಡರೆ ಪಿಡಿಎಫ್‌ಎಸ್‌ಎಚ್‌ಎಕ್ಸ್ ವೇರಿಯಬಲ್ 0 ಮಾಡಿ ಮತ್ತೆ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋಟೊ ಆಗಿ ಹೋದರೆ ಗಾತ್ರವೂ ಹೋಯಿತು, ಗೆರೆಯೂ ಹೋಯಿತು.

ಪ್ಲಾಟಿಂಗ್ ಅಂಗಡಿಯಲ್ಲಿ

ಮೊದಲು ರೋಲಿನ ಅಗಲ ಕೇಳಿ. 24 ಇಂಚಿನ ರೋಲ್ 610 ಮಿ.ಮೀ., ಎ1 ಅದರಲ್ಲಿ 594 ಅಡ್ಡಕ್ಕೆ, 841 ಉದ್ದಕ್ಕೆ ಓಡುತ್ತದೆ. ಎರಡೂ ಪಕ್ಕ 8 ಮಿ.ಮೀ. ಉಳಿಯುವುದರಿಂದ ಪ್ಲಾಟರಿಗೆ ಬೇಕಾದ ಅಂಚು ಅದರಲ್ಲೇ ಸಿಗುತ್ತದೆ. 36 ಇಂಚಿನ ರೋಲ್ 914 ಮಿ.ಮೀ., ಎ0 ಬೇಕಾದರೆ ಇದೇ ಆಗಬೇಕು. ಎ1 ಅನ್ನು ಇದರಲ್ಲಿ 841 ಅಡ್ಡಕ್ಕೆ ತಿರುಗಿಸಿ ಹಾಕಿದರೆ ರೋಲ್ ಓಡುವುದು 594 ಮಿ.ಮೀ. ಮಾತ್ರ. ರೋಲಿನ ಉದ್ದದ ಮೇಲೆ ದುಡ್ಡು ಲೆಕ್ಕ ಹಾಕುವ ಕಡೆ ಇದು ಗಮನದಲ್ಲಿರಲಿ.

ಕೌಂಟರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು: "ಸರ್, ಮಾರ್ಜಿನ್ ಕಟ್ ಆಗ್ತಿದೆ, ಫಿಟ್ ಕೊಟ್‌ಬಿಡ್ಲಾ?" ಅವರು ಒಳ್ಳೆಯದಕ್ಕೇ ಕೇಳುತ್ತಾರೆ, ಗೆರೆ ಕತ್ತರಿಸಿ ಬಂದರೆ ಗಿರಾಕಿ ಬೈಯುತ್ತಾರೆ ಅಂತ. ಉತ್ತರ ಮಾತ್ರ ಒಂದೇ: "ಬೇಡ ಸರ್, ಆಕ್ಚುಯಲ್ ಸೈಜಲ್ಲೇ ಹೊಡೀರಿ. ಅಂಚು ಹೋದ್ರೂ ಪರವಾಗಿಲ್ಲ." ಪ್ಲಾಟರ್ ಡ್ರೈವರ್ ಎ1 ಹಾಳೆಯ ಒಳಗೇ ನಾಲ್ಕೂ ಕಡೆ 5 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 831×584. 594ನ್ನು 584ಕ್ಕೆ ಇಳಿಸಿದಾಗ ಇಡೀ ಡ್ರಾಯಿಂಗ್ ಶೇಕಡ 98.3ಕ್ಕೆ ಕುಗ್ಗುತ್ತದೆ, 1:100 ಎಂಬುದು ಸುಮಾರು 1:101.7 ಆಗುತ್ತದೆ. ಶುರುವಿನಲ್ಲಿ ಹೇಳಿದ 119.9 ಬರುವುದು ಇಲ್ಲಿಂದ. ಪಿಡಿಎಫ್ ರೀಡರಿನಲ್ಲಿ ಆಕ್ಚುಯಲ್ ಸೈಜ್ ಆರಿಸಬೇಕು. ಫಿಟ್ ಬೇಡ, ಶ್ರಿಂಕ್ ಓವರ್‌ಸೈಜ್ಡ್ ಪೇಜಸ್ ಕೂಡ ಬೇಡ. ಡ್ರೈವರಿನಲ್ಲೂ ಪ್ರತ್ಯೇಕವಾಗಿ ರೀಸೈಜ್ ಆಯ್ಕೆ ಇರುತ್ತದೆ, ಅದೂ ಆಫ್ ಆಗಿರಲಿ. ನಿಮ್ಮ ಬಾರ್ಡರ್ ಅಂಚಿನಿಂದ 10 ಮಿ.ಮೀ. ಒಳಗೇ ಇರುವುದರಿಂದ ಹೊರಗಿನ 5 ಮಿ.ಮೀ. ಕತ್ತರಿಸಿದರೂ ಏನೂ ಕಳೆದುಹೋಗುವುದಿಲ್ಲ.

ಹತ್ತಾರು ಹಾಳೆ ಇದ್ದರೆ ಒಂದನ್ನು ಮಾತ್ರ ಪ್ಲಾಟ್ ಮಾಡಿಸಿ, ಅಲ್ಲೇ ಟೇಬಲ್ಲಿನ ಮೇಲೆ ಚಪ್ಪಟೆಯಾಗಿ ಹರಡಿ, 300 ಮಿ.ಮೀ. ಸ್ಟೀಲ್ ಸ್ಕೇಲಿನಿಂದ ತಾಳೆ ಗೆರೆ ಅಳೆಯಿರಿ. ಸ್ಕೇಲಿನ ತುದಿ ಸವೆದಿರುತ್ತದೆ, 10ನೇ ಗುರುತಿನಿಂದ ಶುರುಮಾಡಿ 110ರಲ್ಲಿ ಓದಿ. ಟೇಪಿನ ಕೊಕ್ಕೆ ಅಲ್ಲಾಡುವುದರಿಂದ ಟೇಪ್ ಬೇಡ. ತಾಳೆ ಗೆರೆಯ ನಂತರ ಡ್ರಾಯಿಂಗಿನ ಒಂದು ಗೊತ್ತಿರುವ ಉದ್ದವನ್ನೂ ಅಳೆಯಿರಿ. ಎರಡನ್ನೂ ಸೇರಿಸಿ ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ:

- ಎರಡೂ ದಿಕ್ಕಿನ ತಾಳೆ ಗೆರೆ 98.3: ಯಾರೋ ಫಿಟ್ ಕೊಟ್ಟಿದ್ದಾರೆ.
- ತಾಳೆ ಗೆರೆ 70.7: ಎ1ರ ಫೈಲ್ ಎ2 ಹಾಳೆಗೆ, ಅಥವಾ ಎ0 ಎ1ಕ್ಕೆ ಇಳಿದಿದೆ. 50 ಬಂದರೆ ಎ1ರಿಂದ ಎ3ಕ್ಕೆ. ಈ ಕೊನೆಯದನ್ನು ಬೇಕೆಂದೇ ಮಾಡುವುದುಂಟು, 1:100 ನಿಖರವಾಗಿ 1:200 ಆಗುತ್ತದೆ. ಹಾಳೆಯ ಮೇಲೆ ಹಾಗಂತ ಬರೆದರೆ ಸಾಕು.
- ತಾಳೆ ಗೆರೆ 100 ಸರಿ, ಕಟ್ಟಡ ಮಾತ್ರ ಶೇಕಡ 4 ದೊಡ್ಡದು: ವ್ಯೂಪೋರ್ಟಿನಲ್ಲಿ 1:96 ಕೂತಿದೆ.
- ತಾಳೆ ಗೆರೆ ಸರಿ, ಕಟ್ಟಡ ಬೆಸ ಸಂಖ್ಯೆಯಷ್ಟು ಆಚೀಚೆ: ಲಾಕ್ ಆಗದ ವ್ಯೂಪೋರ್ಟ್.
- ಒಂದು ದಿಕ್ಕಿನ ಗೆರೆ 100, ರೋಲ್ ಓಡುವ ದಿಕ್ಕಿನ ಗೆರೆ 99.6 ಅಥವಾ 100.4: ಪ್ಲಾಟರಿನ ಪೇಪರ್ ಅಡ್ವಾನ್ಸ್ ಕ್ಯಾಲಿಬ್ರೇಷನ್ ತಪ್ಪಿದೆ, ಅಥವಾ ಬೇರೆ ಬಗೆಯ ಪೇಪರ್ ಹಾಕಿ ಮೆನುವಿನಲ್ಲಿ ಹಳೆಯದನ್ನೇ ಬಿಟ್ಟಿದ್ದಾರೆ. ಮೆನುವಿನಿಂದ ಕ್ಯಾಲಿಬ್ರೇಟ್ ಮಾಡಿಸಿ. ಇದನ್ನು ಕ್ಯಾಡ್ ಫೈಲಿನಲ್ಲಿ ಸರಿಪಡಿಸಲು ಹೋಗಬೇಡಿ, ಮುಂದಿನ ಸಲ ಬೇರೆ ಯಂತ್ರದಲ್ಲಿ ಅದೇ ಹೊಸ ತಪ್ಪಾಗುತ್ತದೆ.

100 ಮಿ.ಮೀ. ಗೆರೆಯಲ್ಲಿ 0.2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸವನ್ನು ಸ್ಟೀಲ್ ಸ್ಕೇಲಿನಲ್ಲಿ ನಂಬಿಕೆಯಿಂದ ಓದಲು ಆಗದು. ಅದಕ್ಕೆ ಬಾರ್ಡರಿನ ಪೂರ್ತಿ ಉದ್ದವನ್ನು, ಎ1ರಲ್ಲಿ 811 ಮಿ.ಮೀ., ಒಂದು ಮೀಟರಿನ ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ಅದರಲ್ಲಿ 1 ಮಿ.ಮೀ. ಒಳಗಿದ್ದರೆ ಒಪ್ಪಿಕೊಳ್ಳಬಹುದು. ಇಂಕ್‌ಜೆಟ್ ಪ್ಲಾಟರುಗಳ ನಿಖರತೆಯೇ ಸಾಮಾನ್ಯವಾಗಿ ಶೇಕಡ 0.1ರ ಆಸುಪಾಸು. ಮಳೆಗಾಲದಲ್ಲಿ 80 ಜಿಎಸ್‌ಎಂ ಬಾಂಡ್ ಪೇಪರ್ ತೇವ ಹೀರಿ ಇನ್ನಷ್ಟು ಹಿಗ್ಗುತ್ತದೆ, ಅದರಲ್ಲೂ ನಾರಿಗೆ ಅಡ್ಡ ದಿಕ್ಕಿನಲ್ಲಿ. ರೋಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ನೆಲದ ಮೇಲೆ ಇಡಬೇಡಿ. ಗ್ರಾಮನಕ್ಷೆಯ ಮೇಲೆ ಹಾಕಿ ಗಡಿ ತಾಳೆ ನೋಡುವಂಥ ಕೆಲಸಕ್ಕೆ ಬಾಂಡ್ ಪೇಪರ್ ಸಾಲದು, ಪಾಲಿಯೆಸ್ಟರ್ ಫಿಲ್ಮ್ ಮೇಲೆ ತೆಗೆಸಿ.

ಕಸ್ಟಮ್ ಉದ್ದದ ಹಾಳೆ

ಕೆಆರ್‌ಎಸ್ ಉದಾಹರಣೆಯಂಥ ಉದ್ದ ಡ್ರಾಯಿಂಗಿಗೆ ಪ್ಲಾಟರ್ ಪ್ರಾಪರ್ಟೀಸ್‌ನಲ್ಲಿ ಕಸ್ಟಮ್ ಪೇಪರ್ ಸೈಜಸ್, ಆಡ್, ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್ ಹಿಡಿದು 1500×841 ಕೊಡಿ. ಅಂಚು ನಾಲ್ಕೂ ಕಡೆ 5 ಮಿ.ಮೀ. ಇರಲಿ. ವಿಂಡೋಸ್ ಡ್ರೈವರಿನ ಪ್ಲಾಟರ್ ಆದರೆ ಆ ಗಾತ್ರವನ್ನು ಡ್ರೈವರಿನಲ್ಲೇ ಸೃಷ್ಟಿಸಬೇಕು, ಕ್ಯಾಡ್‌ನಲ್ಲಿ ಮಾತ್ರ ಸೃಷ್ಟಿಸಿದರೆ ಯಂತ್ರ ಅದನ್ನು ಗುರುತಿಸದೆ ಹತ್ತಿರದ ಗಾತ್ರಕ್ಕೆ ಇಳಿಸಬಹುದು. ಅಗಲವನ್ನು ಪೂರ್ತಿ 914 ಕೊಡಬೇಡಿ, ರೋಲಿನ ಇಕ್ಕೆಲದ ಅಂಚಿಗೆ ಜಾಗ ಬೇಕು.

ಮಡಿಸುವುದು, ಜೋಪಾನ ಮಾಡುವುದು

ಇಂಕ್ ಒಣಗಲು ಕೆಲವು ನಿಮಿಷ ಬಿಟ್ಟು ಮಡಿಸಿ, ಕಪ್ಪು ಹ್ಯಾಚ್ ತುಂಬಿದ ಹಾಳೆಯಾದರೆ ಇನ್ನೂ ಸ್ವಲ್ಪ ಹೊತ್ತು. ಮಡಿಸಿದ ಮೇಲೆ ಎ4 ಗಾತ್ರವಾಗಬೇಕು, ಟೈಟಲ್ ಬ್ಲಾಕ್ ಮೇಲ್ಗಡೆ ಪೂರ್ತಿ ಕಾಣಬೇಕು, ಎಡಗಡೆಯ 20 ಮಿ.ಮೀ. ಫೈಲಿಂಗ್ ಪಟ್ಟಿ ರಂಧ್ರ ಹಾಕಲು ಹೊರಗಿರಬೇಕು. ಮೊದಲು ಉದ್ದುದ್ದ ಮಡಿಕೆಗಳನ್ನು ಬಲಗಡೆಯಿಂದ ಅತ್ತಿತ್ತ ಹಾಕುತ್ತ ಬನ್ನಿ, ಆಮೇಲೆ ಮೇಲಿನ ಭಾಗವನ್ನು ಹಿಂದಕ್ಕೆ ಮಡಿಸಿ. ಅಳತೆ ಎತ್ತಬೇಕಾದ ಪ್ರತಿಯನ್ನು ಮಾತ್ರ ಮಡಿಸಬೇಡಿ, ಸುರುಳಿ ಸುತ್ತಿ ಟ್ಯೂಬಿನಲ್ಲಿಡಿ. ಮಡಿಕೆಯ ಗೆರೆಯ ಮೇಲೆ ಹಾಳೆ ಪೂರ್ತಿ ಚಪ್ಪಟೆಯಾಗದೆ ಅಳತೆ ತಪ್ಪುತ್ತದೆ.

ಕಂಪ್ಯೂಟರಿನಲ್ಲಿ ಪ್ಲಾಟ್ ಆದ ಪಿಡಿಎಫ್ ಅನ್ನೇ ರಿವಿಷನ್ ಸಂಖ್ಯೆ ಮತ್ತು ತಾರೀಖಿನ ಜೊತೆ ಉಳಿಸಿಕೊಳ್ಳಿ. ಕ್ಯಾಡ್ ಫೈಲನ್ನು ಇಟ್ರಾನ್ಸ್‌ಮಿಟ್ ಮೂಲಕ ಎಕ್ಸ್‌ರೆಫ್, ಫಾಂಟ್, ಸಿಟಿಬಿ ಎಲ್ಲ ಸೇರಿಸಿ ಒಂದು ಜಿಪ್ ಮಾಡಿಡಿ. ಬರೀ ಡ್ರಾಯಿಂಗ್ ಫೈಲ್ ಉಳಿಸಿಕೊಂಡರೆ, ಎರಡು ವರ್ಷದ ನಂತರ ಅದೇ ಹಾಳೆ ಮತ್ತೆ ಬೇಕೆಂದಾಗ ಸಿಟಿಬಿ ಸಿಗದೆ ಎಲ್ಲ ಗೆರೆಗಳೂ ಒಂದೇ ದಪ್ಪದಲ್ಲಿ ಬರುತ್ತವೆ.